ಮುಳ್ಳೆಣಿಸುವ ರೇಲೀನ್

ರೇಲೀನ್ ಹಾಸ್ಕಿಂಗ್ ಮೆಚ್ಚಿಕೊಂಡ ವಸ್ತುಗಳು ಈ ಲೋಕದಲ್ಲಿ ಬಹಳ ಇರಲಿಲ್ಲ. ಜರ್ಮನಿಯ ಒಂದು ಹಳೆಯ ಸೂಕ್ಷ್ಮದರ್ಶಕ, ಕಪ್ಪಗೆ ಕಡಕ್ಕಾದ ಚಹಾ, ಮತ್ತೆ ಬೆಳಗಿನ ಏಳರ ಟ್ರಾಮಿನಲ್ಲಿ ಯಾರೂ ಮಾತಾಡಿಸದೆ ಬಿಡುವ ಕಿಟಕಿ ಪಕ್ಕದ ಸೀಟು. ಮನುಷ್ಯರ ಪೈಕಿ ಆ ಪಟ್ಟಿಗೆ ಸೇರಿದವರು ಯಾರೂ ಇಲ್ಲ. ತಮ್ಮ ನೆವಿಲ್ ಒಂದೆರಡು ಸಲ ಇನ್ನೇನು ಸೇರುವಂತಾಗಿ, ಬಾಯಿಬಿಟ್ಟು ಕೆಡಿಸಿಕೊಂಡಿದ್ದ.

ಐವತ್ತೊಂಬತ್ತರ ವಯಸ್ಸಿನ ಈ ಹೆಂಗಸು ಮೂವತ್ತೊಂದು ವರ್ಷಗಳಿಂದ ಮೆಲ್ಬೋರ್ನಿನ ಒಂದು ಸಂಶೋಧನಾಲಯದಲ್ಲಿ ಇಲಿಗಳ ಮಿದುಳಿನ ಮುಳ್ಳು ಎಣಿಸುತ್ತಿದ್ದಳು. ಕೇಳಿದವರು ನಗುತ್ತಿದ್ದರು, ನಗಲಿ. ಮಿದುಳಿನ ನರಕೋಶದ ಟಿಸಿಲುಗಳ ಮೇಲೆ ಗುಲಾಬಿ ಕೊಂಬೆಯಲ್ಲಿದ್ದಂತೆ ಸಣ್ಣ ಸಣ್ಣ ಮುಳ್ಳುಗಳಿರುತ್ತವೆ. ಒಂದು ಕೋಶ ಇನ್ನೊಂದರ ಮಾತು ಕೇಳಿಸಿಕೊಳ್ಳುವುದು ಆ ಮುಳ್ಳುಗಳಿಂದ. ಹೊಸದೇನಾದರೂ ಕಲಿತರೆ ಮುಳ್ಳು ಹೆಚ್ಚುತ್ತದೆ, ಸುಮ್ಮನೆ ಬಿದ್ದುಕೊಂಡರೆ ಉದುರುತ್ತದೆ. ಪ್ರೊಫೆಸರುಗಳ ತಲೆಯಲ್ಲಿ ಎಷ್ಟು ಉಳಿದಿವೆಯೆಂದು ಎಣಿಸುವ ಅವಕಾಶ ಅವಳಿಗಿನ್ನೂ ಸಿಕ್ಕಿರಲಿಲ್ಲವಾದ್ದರಿಂದ ಇಲಿಗಳಿಗೇ ತೃಪ್ತಿಪಟ್ಟುಕೊಂಡಿದ್ದಳು. ಕೂದಲಿನ ದಪ್ಪದ ಏಳನೇ ಒಂದು ಪಾಲಿನಷ್ಟು ಉದ್ದದ ಎಳೆಯಲ್ಲಿ ಎಷ್ಟು ಮುಳ್ಳಿವೆ ಎಂದು ನೋಡಿ ಬರೆಯುವುದು, ಮುಂದಿನ ಎಳೆಗೆ ಹೋಗುವುದು. ದಿನಕ್ಕೆ ಎಂಟು ಗಂಟೆ ಇದೇ ಕೆಲಸ.

ಈ ಕೆಲಸಕ್ಕೆ ಒಂದು ಕಟ್ಟುಪಾಡಿದೆ. ಯಾವ ಸ್ಲೈಡು ಯಾವ ಇಲಿಯದು, ಆ ಇಲಿಗೆ ಮದ್ದು ಚುಚ್ಚಿದ್ದರೋ ಬರೀ ಉಪ್ಪುನೀರು ಚುಚ್ಚಿದ್ದರೋ, ಎಣಿಸುವವಳಿಗೆ ಗೊತ್ತಾಗಬಾರದು. ಗೊತ್ತಾದರೆ ಕಣ್ಣು ತನಗೆ ಬೇಕಾದ ಕಡೆ ಎರಡು ಮುಳ್ಳು ಜಾಸ್ತಿ ಕಾಣುತ್ತದೆ. ಅದಕ್ಕೇ ಸ್ಲೈಡಿನ ಮೇಲೆ ಒಂದು ಗುಪ್ತ ಸಂಖ್ಯೆ ಮಾತ್ರ ಇರುತ್ತಿತ್ತು. ಯಾವ ಸಂಖ್ಯೆ ಯಾವ ಇಲಿಯದೆಂಬ ಪಟ್ಟಿ ಮುಚ್ಚಿದ ಲಕೋಟೆಯೊಳಗೆ. ರೇಲೀನ್ ಈ ಕಟ್ಟುಪಾಡನ್ನು ವ್ರತದ ಹಾಗೆ ಪಾಲಿಸುತ್ತಿದ್ದಳು. ನೆಲಮಾಳಿಗೆಯ ಇಲಿಕೋಣೆಗೆ ಹನ್ನೊಂದು ವರ್ಷಗಳಿಂದ ಕಾಲಿಟ್ಟಿರಲಿಲ್ಲ. ಇದರ ಬಗ್ಗೆ ಅವಳಿಗೆ ಒಳಗೊಳಗೇ ಜಂಭವೂ ಇತ್ತು.

ಅವಳ ಮೇಲಿನವನು ಪ್ರೊಫೆಸರ್ ಲೀಲ್ಯಾಂಡ್ ಕ್ರೌಚ್. ಐದು ವರ್ಷದ ಹಿಂದಿನವರೆಗೆ ಅವನು ಇಲಿಗಳ ನಿದ್ದೆಯ ಮೇಲೆ ಯಾರೂ ಓದದ ಪ್ರಬಂಧಗಳನ್ನು ಬರೆದುಕೊಂಡು, ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಕ್ಕಮಟ್ಟಿಗೆ ಸಹಿಸಬಹುದಾದ ಮನುಷ್ಯನಾಗಿದ್ದ. ಆಮೇಲೆ ಬೈರನ್ ಬೇ ಎಂಬ ಕಡಲತೀರದ ಊರಲ್ಲಿ ಯಾವನೋ ಶ್ರೀಮಂತನ ಬಂಗಲೆಗೆ ಹೋಗಿ ಮತ್ತೇರಿಸುವ ಅಣಬೆ ತಿಂದು ಬಂದ. ಅಲ್ಲಿ ಸತ್ತ ಅಜ್ಜ ಪ್ರತ್ಯಕ್ಷನಾಗಿ ಅವನನ್ನು ಕ್ಷಮಿಸಿದನಂತೆ. ಯಾವ ತಪ್ಪಿಗೆ ಎಂದು ರೇಲೀನ್ ಕೇಳಲಿಲ್ಲ, ಕೇಳಿದರೆ ಊಟದ ಹೊತ್ತು ಮೀರುತ್ತಿತ್ತು. ಅಲ್ಲಿಂದ ಮುಂದೆ ಲೀಲ್ಯಾಂಡ್ ಚಪ್ಪಲಿ ಬಿಟ್ಟ, ಗಡ್ಡ ಬಿಟ್ಟ, ಮುದುರಿದ ನಾರಿನ ಅಂಗಿ ಹಾಕಿದ. ಮನೋವೈದ್ಯರು ಆ ಅಣಬೆಯ ಸತ್ವವನ್ನು ಮದ್ದಾಗಿ ಬರೆದುಕೊಡಬಹುದೆಂದು ಸರ್ಕಾರ ಒಪ್ಪಿದ ಮೇಲಂತೂ ಅವನನ್ನು ಹಿಡಿಯುವವರೇ ಇಲ್ಲ. ಸೋಮವಾರದ ಸಭೆಗೆ ಮುಂಚೆ ಹಿತ್ತಾಳೆಯ ಬಟ್ಟಲೊಂದನ್ನು ಠಣ್ ಎನ್ನಿಸಿ, ಎಲ್ಲರಿಗೂ ಕಣ್ಣು ಮುಚ್ಚಿ ಮೂರು ಸಲ ಉಸಿರೆಳೆದುಕೊಳ್ಳಲು ಹೇಳುತ್ತಿದ್ದ. ರೇಲೀನ್ ಕಣ್ಣು ಬಿಟ್ಟುಕೊಂಡೇ ಉಸಿರಾಡುತ್ತಿದ್ದಳು. ಇಷ್ಟು ವರ್ಷ ಹಾಗೇ ಬದುಕಿದ್ದಳಲ್ಲ.

"ನಮ್ಮ ಮಿದುಳು ಒಣಗಿದ ಜೇಡಿಮಣ್ಣು," ಎಂದು ಲೀಲ್ಯಾಂಡ್ ದಾನಿಗಳ ಮುಂದೆ ಕೈ ಚಾಚಿ ಹೇಳುತ್ತಿದ್ದ. "ಈ ಮದ್ದು ಅದಕ್ಕೆ ಚಿಮುಕಿಸೋ ನೀರು. ಮಣ್ಣು ಮತ್ತೆ ಮೆತ್ತಗಾಗುತ್ತೆ. ಯಾವ ಆಕಾರ ಬೇಕಾದ್ರೂ ಕೊಡಬಹುದು." ದಾನಿಗಳು ತಲೆದೂಗುತ್ತಿದ್ದರು. ಅವರ ಮಣ್ಣು ಎಂದೋ ಕೆಸರಾಗಿದೆಯೆಂದು ರೇಲೀನಳ ಅಭಿಪ್ರಾಯ.

ಆದರೆ ಅವನ ಯೋಜನೆ ಕೇಳಲು ಚೆನ್ನಾಗಿತ್ತು. ಪಾರ್ಶ್ವವಾಯು ಹೊಡೆದು ಮಿದುಳಿನ ಒಂದು ತುಂಡು ಸತ್ತವರಿಗೆ ಈ ಮದ್ದು ಕೊಟ್ಟರೆ ಉಳಿದ ಮಿದುಳಿನಲ್ಲಿ ಹೊಸ ಮುಳ್ಳು ಹುಟ್ಟಿ, ಸತ್ತ ಭಾಗದ ಕೆಲಸವನ್ನು ಬದುಕಿದ ಭಾಗ ಕಲಿಯಬಹುದು. ಮೊದಲು ಇಲಿಗಳಲ್ಲಿ ತೋರಿಸುವುದು, ಆಮೇಲೆ ನವೆಂಬರಿನಲ್ಲಿ ಹನ್ನೆರಡು ಜನ ರೋಗಿಗಳಿಗೆ ಕೊಟ್ಟು ನೋಡುವುದು.

ಆ ಹನ್ನೆರಡರಲ್ಲಿ ಮೊದಲ ಹೆಸರು ನೆವಿಲ್‌ನದು.

ನೆವಿಲ್ ಬೋರ್ಡು ಬರೆಯುವವನು. ಕಂಪ್ಯೂಟರಿನಲ್ಲಿ ಅಚ್ಚು ಹಾಕಿದ ಪ್ಲಾಸ್ಟಿಕ್ ಬೋರ್ಡುಗಳು ಬಂದ ಮೇಲೂ ಕುಂಚ ಹಿಡಿದು ಅಂಗಡಿಯ ಗಾಜಿನ ಮೇಲೆ ಅಕ್ಷರ ಬರೆಯುತ್ತಿದ್ದ ನಾಲ್ಕೈದು ಜನರಲ್ಲಿ ಒಬ್ಬ. ಅವನಿದ್ದ ಪ್ರೆಸ್ಟನ್ ಬಡಾವಣೆಯಲ್ಲಿ ಅರ್ಧಕ್ಕರ್ಧ ಅಂಗಡಿಗಳ ಹೆಸರು ಅವನ ಕೈಯದು. ಫೆಬ್ರವರಿಯ ಒಂದು ಬೆಳಿಗ್ಗೆ ಮೀನಂಗಡಿಯೊಂದರ ಮುಂದೆ ಏಣಿ ಹತ್ತಿ ನಾಲ್ಕನೇ ಅಕ್ಷರ ಬರೆಯುವಾಗ ಕುಂಚ ಜಾರಿತು, ಹಿಂದೆಯೇ ಅವನೂ ಜಾರಿದ. ಮಾತು ಎರಡು ವಾರದಲ್ಲಿ ಮರಳಿತು, ಕಾಲು ಒಂದು ತಿಂಗಳಲ್ಲಿ. ಬಲಗೈ ಮಾತ್ರ ಮೊಣಕೈಯಿಂದ ಕೆಳಗೆ ಬೇರೆ ಯಾರದೋ ಕೈಯಂತೆ ತೊಡೆಯ ಮೇಲೆ ಬಿದ್ದಿರುತ್ತಿತ್ತು.

ಆಸ್ಪತ್ರೆಯಲ್ಲಿ ಕೈಗೆ ವ್ಯಾಯಾಮ ಮಾಡಿಸುವ ಹೆಂಗಸು ಕಡ್ಡಿ ತುಂಡು ಮಾಡಿದಂತೆ ಹೇಳಿದ್ದಳು: "ಮೊದಲ ಆರು ತಿಂಗಳು ಮಿದುಳು ಹೇಳಿದ್ದು ಕೇಳುತ್ತೆ. ಆಮೇಲೆ ಕೇಳೋದು ಕಮ್ಮಿ. ದಿನಾ ಎರಡು ಗಂಟೆ ಮಾಡ್ಲೇಬೇಕು." ಮಾರ್ಚ್ ಪೂರ್ತಿ ನೆವಿಲ್ ಅವಳನ್ನೂ ಅವಳ ಮನೆತನವನ್ನೂ ಬೈದುಕೊಂಡು ದಿನಕ್ಕೆ ಎರಡು ಗಂಟೆ ಮಾಡಿದ. ಹೆಂಡತಿ ಬಿಟ್ಟುಹೋಗಿ ಒಂಬತ್ತು ವರ್ಷವಾಗಿದ್ದರಿಂದ ಅವನ ಬೈಗುಳ ಕೇಳಲು ಗುರುವಾರದ ಸಂಜೆ ಮಾಂಸದ ಪೈ ಕಟ್ಟಿಸಿಕೊಂಡು ಬರುವ ರೇಲೀನ್ ಬಿಟ್ಟರೆ ಬೇರೆ ಯಾರೂ ಇರಲಿಲ್ಲ.

ಏಪ್ರಿಲಿನಲ್ಲಿ ಲಕೋಟೆ ಒಡೆದರು. ಉಪ್ಪುನೀರಿನ ಇಲಿಗಳಲ್ಲಿ ಒಂದು ಎಳೆಗೆ ಸರಾಸರಿ ಹತ್ತು ಮುಳ್ಳು, ಮದ್ದಿನ ಇಲಿಗಳಲ್ಲಿ ಹದಿಮೂರು. ಕೈ ಆಡಿಸುವ ಭಾಗದಲ್ಲೇ. ಲೀಲ್ಯಾಂಡ್ ಕಣ್ಣೀರು ಹಾಕಿದ, ಕೇಕು ತರಿಸಿದ, ಎಲ್ಲರನ್ನೂ ತಬ್ಬಿಕೊಂಡ. ರೇಲೀನ್ ಅವನ ತೋಳಿಗೆ ಸಿಗದಂತೆ ಮೇಜಿನ ಆಚೆ ನಿಂತಳು. ಆದರೆ ಆ ಅಂಕಿಯನ್ನು ತಳ್ಳಿಹಾಕಲು ಅವಳಿಂದಾಗಲಿಲ್ಲ. ಅದನ್ನು ಎಣಿಸಿದ್ದು ಗಡ್ಡದವನಲ್ಲ, ತಾನು, ಏನೂ ಗೊತ್ತಿಲ್ಲದೆ, ಸಾವಿರಾರು ಎಳೆಗಳ ಮೇಲೆ.

ಅದೇ ಗುರುವಾರ ಪೈ ಬಿಡಿಸುತ್ತ ಅವಳು ಹೇಳಿದಳು: "ನೆವ್, ಇದ್ರಲ್ಲಿ ಏನೋ ಇದೆ ಕಣೋ. ನಾನೇ ಎಣಿಸಿದೀನಿ."

ನೆವಿಲ್ ಬಾಯಲ್ಲಿದ್ದ ತುತ್ತನ್ನು ಅಗಿಯುವುದು ನಿಲ್ಲಿಸಿ ಅಕ್ಕನ ಮುಖವನ್ನೇ ನೋಡಿದ. ಮುಂದಿನ ವಾರದಿಂದ ವ್ಯಾಯಾಮ ದಿನಕ್ಕೆ ಅರ್ಧ ಗಂಟೆಗಿಳಿಯಿತು, ಮೇ ತಿಂಗಳಲ್ಲಿ ನಿಂತೇಹೋಯಿತು. ನವೆಂಬರಿನಲ್ಲಿ ಮಿದುಳು ಮೆತ್ತಗಾಗಲಿಕ್ಕಿದೆ, ಈಗ ಗಟ್ಟಿಮಣ್ಣನ್ನು ಗುದ್ದಿ ಏನು ಪ್ರಯೋಜನ ಎಂದು ಅವನ ಲೆಕ್ಕ. ರೇಲೀನಳಿಗೆ ಗೊತ್ತಾಯಿತು, ಆದರೂ ಬಾಯಿಬಿಡಲಿಲ್ಲ. ಅವಳೂ ನಂಬಿದ್ದಳು.

ಸೆಪ್ಟೆಂಬರಿನ ಒಂದು ಬೆಳಿಗ್ಗೆ ಸಸ್ಕಿಯಾ ಫೋನು ಮಾಡಿದಳು. ಇಲಿಗಳಿಗೆ ಚುಚ್ಚುಮದ್ದು ಕೊಡುವ ಸಂಶೋಧಕಿ ಇವಳು, ಮೂವತ್ತನಾಲ್ಕು ವರ್ಷ, ಲೀಲ್ಯಾಂಡ್ ಹೇಳಿದ್ದೆಲ್ಲವನ್ನೂ ಟಿಪ್ಪಣಿ ಮಾಡಿಕೊಳ್ಳುವ ಜಾತಿ. ಮೈ ಸುಡುವ ಜ್ವರವಂತೆ. ಲೀಲ್ಯಾಂಡ್ ಬೈರನ್ ಬೇಯಲ್ಲಿ ದಾನಿಗಳ ಜೊತೆ ಆರು ವಾರದ ಮೌನ ಆಚರಿಸುತ್ತಿದ್ದಾನೆ, ಫೋನಿಗೆ ಸಿಗುವುದಿಲ್ಲ. "ರೇಲೀನ್, ಇಲಿಗಳಿಗೆ ಸ್ವಲ್ಪ ನೀರು ಹಾಕ್ಬಿಡ್ತೀಯಾ? ಇದು ಬರೀ ಪ್ರದರ್ಶನಕ್ಕೆ ಇಟ್ಟಿರೋ ಹೊಸ ತಂಡ. ಇವನ್ನ ನೀನು ಎಣಿಸೋದಿಲ್ಲ, ವ್ರತಭಂಗ ಆಗಲ್ಲ."

ಹಾಗೆ ಹನ್ನೊಂದು ವರ್ಷಗಳ ಮೇಲೆ ರೇಲೀನ್ ಇಲಿಕೋಣೆಯ ಬಾಗಿಲು ತೆಗೆದಳು. ಮೊದಲು ಕಿವಿಗೆ ಬಿದ್ದದ್ದು ಕೊಳಲು. ಮೂಲೆಯ ಸ್ಪೀಕರಿನಲ್ಲಿ ಸಣ್ಣಗೆ ಕೊಳಲು, ಅದರ ಹಿಂದೆ ಅಲೆಗಳ ಸದ್ದು. ಮೇಲಿನ ಸಾಲಿನಲ್ಲಿ ಹಸಿರು ಚೀಟಿ ಅಂಟಿಸಿದ ಎಂಟು ದೊಡ್ಡ ಪೆಟ್ಟಿಗೆಗಳು. ಪ್ರತಿಯೊಂದರಲ್ಲೂ ಓಡುವ ಚಕ್ರ, ಹತ್ತುವ ಏಣಿ, ರಟ್ಟಿನ ಕೊಳವೆಗಳು, ಗೂಡು ಕಟ್ಟಲು ಮೆತ್ತನೆಯ ಕಾಗದದ ಚೂರು, ಮೇಲೊಂದು ಮಂದ ಕಿತ್ತಳೆ ದೀಪ. ಇಲಿಗಳು ಏಣಿ ಹತ್ತುತ್ತಿದ್ದವು, ಕೊಳವೆಯಲ್ಲಿ ನುಸುಳುತ್ತಿದ್ದವು, ಚಕ್ರದಲ್ಲಿ ಓಡುತ್ತಿದ್ದವು. ಕೆಳಗಿನ ಸಾಲಿನಲ್ಲಿ ಬಿಳಿ ಚೀಟಿಯ ಎಂಟು ಸಣ್ಣ ಪೆಟ್ಟಿಗೆಗಳು, ಒಳಗೆ ಮರದ ಹೊಟ್ಟು ಬಿಟ್ಟರೆ ಏನೂ ಇಲ್ಲ. ಅಲ್ಲಿನ ಇಲಿಗಳು ಮೂಲೆಯಲ್ಲಿ ಮುದುರಿ ಕೂತಿದ್ದವು.

ಅವಳು ಅಲ್ಲಿಂದಲೇ ಸಸ್ಕಿಯಾಳಿಗೆ ಫೋನು ಹಚ್ಚಿದಳು.

"ಮೇಲಿನ ಸಾಲಿನ ಇಲಿಗಳಿಗೆ ಯಾವ ಹಬ್ಬ ಇವತ್ತು?"

"ಹಬ್ಬನಾ? ಓ, ಅದಾ." ಸಸ್ಕಿಯಾ ಕೆಮ್ಮಿದಳು. "ಅವು ಮದ್ದು ತಗೊಂಡಿರೋವು. ಮದ್ದು ತಲೆಗೇರಿದಾಗ ಅವಕ್ಕೆ ಭಯ ಆಗ್ಬಾರ್ದು ಅಂತ ಲೀಲ್ಯಾಂಡ್ ಹೇಳ್ದ. ಜಾಗ ಹಿತವಾಗಿರ್ಬೇಕಂತೆ. ಮನುಷ್ಯರಿಗಾದ್ರೆ ಮೆತ್ತನೆ ಹಾಸಿಗೆ, ಹಾಡು ಎಲ್ಲ ಇರುತ್ತಲ್ಲ, ಹಾಗೆ."

"ಮತ್ತೆ ಉಪ್ಪುನೀರಿನವಕ್ಕೆ?"

"ಅವಕ್ಕೆ ಏನೂ ಏರಿರಲ್ವಲ್ಲ. ಅವಕ್ಯಾಕೆ ಬೇಕು?"

"ಎಷ್ಟು ಹೊತ್ತು ಇಡ್ತೀರಿ ಇದ್ರಲ್ಲಿ?"

"ಕೊನೇವರ್ಗೂ. ಒಂದು ವಾರ. ಅರ್ಧದಲ್ಲಿ ತೆಗೆದ್ರೆ ಪಾಪ ಅಲ್ವಾ?"

"ನಾನು ಎಣಿಸಿದ ಇಲಿಗಳೂ ಹೀಗೇ ಇದ್ವಾ?"

"ಹೂಂ. ಶುರುವಿಂದ್ಲೂ ಹೀಗೇ. ಯಾಕೆ?" ಜ್ವರದಲ್ಲೂ ಸಸ್ಕಿಯಾಳಿಗೆ ಅರ್ಥವಾಯಿತು. ಆ ಕಡೆಯಿಂದ "ಅಯ್ಯೋ ದೇವರೇ" ಎಂದದ್ದು ಕೇಳಿಸಿತು.

ಆಟದ ಸಾಮಾನು ತುಂಬಿದ ಪೆಟ್ಟಿಗೆಯ ಇಲಿಗೆ ಬೋಳು ಪೆಟ್ಟಿಗೆಯ ಇಲಿಗಿಂತ ಮಿದುಳಿನ ಮುಳ್ಳು ಹೆಚ್ಚು. ಇದು ಅರವತ್ತು ವರ್ಷದ ಹಿಂದಿನ ಪಾಠ, ಈ ವಿದ್ಯೆಗೆ ಕಾಲಿಟ್ಟ ಮೊದಲ ವರ್ಷವೇ ಬಾಯಿಪಾಠ ಮಾಡಿಸುತ್ತಾರೆ. ಲೀಲ್ಯಾಂಡನೇ ಅದನ್ನು ಇಪ್ಪತ್ತು ವರ್ಷ ಬೋಧಿಸಿದ್ದ. ಮೋಸ ಮಾಡುವವನಾದರೆ ಇಂಥ ತಪ್ಪು ಮಾಡುತ್ತಿರಲಿಲ್ಲ, ಸಿಕ್ಕಿಬೀಳುತ್ತೇನೆಂದು ಹೆದರುತ್ತಿದ್ದ. ಇದು ಭಕ್ತಿ ತಲೆಗೇರಿದವನು ಮಾಡುವ ತಪ್ಪು. ಇಲಿಗೂ ತನ್ನ ಹಾಗೆ ಅಜ್ಜ ಕಾಣಿಸಿಕೊಳ್ಳುತ್ತಾನೆ, ಇಲಿಯೂ ಹೆದರುತ್ತದೆ ಎಂದುಕೊಂಡು ಇಲಿಗಳಿಗೊಂದು ಆಶ್ರಮ ಕಟ್ಟಿಸಿದ. ಕಟ್ಟಿಸಿದ್ದನ್ನು ಪ್ರಬಂಧದಲ್ಲಿ ಬರೆಯಲೂ ಇಲ್ಲ, ಏಕೆಂದರೆ ಅವನ ಪಾಲಿಗೆ ಅದು ಪ್ರಯೋಗದ ಭಾಗವೇ ಅಲ್ಲ, ಬರೀ ಮರ್ಯಾದೆ.

ರೇಲೀನಳ ಪಿತ್ತ ನೆತ್ತಿಗೇರಬೇಕಿತ್ತು. ಏರಲಿಲ್ಲ. ನೀರಿನ ಬಾಟಲಿ ಹಿಡಿದು ನಿಂತವಳಿಗೆ ನೆವಿಲ್‌ನ ಕೈ ನೆನಪಾಯಿತು. ಫೆಬ್ರವರಿಯಿಂದ ಬೆರಳು ಮಡಚಿ ಲೆಕ್ಕ ಹಾಕಿದಳು. ಆರು ತಿಂಗಳು ದಾಟಿ ಮೂರು ವಾರವಾಗಿತ್ತು.

ಎರಡು ದಿನ ಅವಳು ತುಟಿಪಿಟಕ್ಕೆನ್ನಲಿಲ್ಲ. ಅದನ್ನು ಒಪ್ಪಿಕೊಳ್ಳಲೇಬೇಕು. ಯಾರಿಗೂ ಹೇಳದಿದ್ದರೆ ನವೆಂಬರು ಬರುತ್ತದೆ, ನೆವಿಲ್‌ಗೆ ಮದ್ದು ಸಿಗುತ್ತದೆ, ಯಾರಿಗೆ ಗೊತ್ತು, ಏನಾದರೂ ಆದರೂ ಆಗಬಹುದು. ಊರಿನವರ ಮೂಢನಂಬಿಕೆಗೆಲ್ಲ ಮೂಗು ಮುರಿಯುತ್ತಿದ್ದವಳು 'ಏನಾದರೂ ಆಗಬಹುದು' ಎಂಬಲ್ಲಿಗೆ ಬಂದು ನಿಂತಿದ್ದಳು. ಮೂರನೇ ದಿನ ಟ್ರಾಮಿನ ಗಾಜಿನಲ್ಲಿ ಕಂಡ ತನ್ನ ಮುಖವೇ ಅವಳಿಗೆ ಹೇಸಿಗೆಯೆನಿಸಿತು.

ಸಸ್ಕಿಯಾ ಕೆಲಸಕ್ಕೆ ಮರಳಿದ ದಿನ ಅಳುತ್ತಲೇ ಬಂದಳು.

"ಅಳೋದು ಆಮೇಲೆ," ಎಂದಳು ರೇಲೀನ್. "ಮೊದಲು ಹೊಸ ಇಲಿ ತಗೊಂಡು ಪೆಟ್ಟಿಗೆ ಬದಲಾಯ್ಸು. ಮದ್ದು ಕೊಟ್ಟ ಆರು ಇಲಿ ಬೋಳು ಪೆಟ್ಟಿಗೆಗೆ, ಆರು ಆಶ್ರಮಕ್ಕೆ. ಉಪ್ಪುನೀರಿನವೂ ಹಾಗೇ, ಆರು ಅಲ್ಲಿ, ಆರು ಇಲ್ಲಿ. ಸಂಖ್ಯೆ ನೀನಿಡು. ನಂಗೆ ಹೇಳ್ಬೇಡ."

"ಲೀಲ್ಯಾಂಡ್‌ಗೆ ಹೇಳೋದು ಬೇಡ್ವಾ?"

"ಅವನು ಮೌನದಲ್ಲಿದಾನೆ. ಕೆಡಿಸೋದ್ಯಾಕೆ."

ಇಲಿಗಳನ್ನು ಇಡಲು ಒಂದು ವಾರ, ಮಿದುಳಿಗೆ ಬಣ್ಣ ಹಿಡಿಸಿ ಕುಯ್ಯಲು ಎರಡು ವಾರ, ಎಣಿಸಲು ಮತ್ತೆ ಒಂದು. ಈ ನಡುವೆ ರೇಲೀನ್ ತಮ್ಮನಿಗೆ ಫೋನಿನಲ್ಲಿ "ಕೈ ಸ್ವಲ್ಪ ಆಡಿಸ್ತಾ ಇರೋ" ಎಂದಳು. "ನವೆಂಬರ್ ಬರ್ಲಿ, ನಿನ್ನ ಹೆಸರನ್ನೇ ಬಂಗಾರದ ಬಣ್ಣದಲ್ಲಿ ಬರೀತೀನಿ," ಎಂದು ನಕ್ಕ ಅವನು. ಎಣಿಸದೆ ಬಾಯಿಬಿಡಬಾರದೆಂಬ ಹಟದಲ್ಲಿ ಅವಳು ಅದಕ್ಕಿಂತ ಹೆಚ್ಚು ಹೇಳಲಿಲ್ಲ.

ಲಕೋಟೆಯನ್ನು ಇಬ್ಬರೇ ಚಹಾದ ಕೋಣೆಯಲ್ಲಿ ಒಡೆದರು. ಬೋಳು ಪೆಟ್ಟಿಗೆ, ಉಪ್ಪುನೀರು: ಹತ್ತು. ಬೋಳು ಪೆಟ್ಟಿಗೆ, ಮದ್ದು: ಹತ್ತು, ಮೇಲೆ ಒಂದು ಚೂರು. ಆಶ್ರಮ, ಉಪ್ಪುನೀರು: ಹದಿಮೂರು. ಆಶ್ರಮ, ಮದ್ದು: ಹದಿಮೂರು. ಬೇರೆ ಪ್ರಯೋಗಾಲಯಗಳಲ್ಲಿ, ಬೇರೆಯವರ ಕೈಯಲ್ಲಿ ಆ ಮದ್ದು ಏನು ಮಾಡುತ್ತದೋ ಅದು ಅವರವರ ಲೆಕ್ಕ. ಇಲ್ಲಿ ಮುಳ್ಳು ಬೆಳೆಸಿದ್ದು ಚಕ್ರ, ಏಣಿ ಮತ್ತು ರಟ್ಟಿನ ಕೊಳವೆ.

ಸೋಮವಾರ ಲೀಲ್ಯಾಂಡ್ ಬಿಸಿಲಿಗೆ ಕೆಂಪಾಗಿ ಮರಳಿದ್ದ. ಬಟ್ಟಲು ಬಡಿದ. ಎಲ್ಲರೂ ಉಸಿರೆಳೆದುಕೊಂಡರು. ಮೂರನೇ ಉಸಿರು ಮುಗಿಯುವ ಮುಂಚೆ ರೇಲೀನ್ ನಾಲ್ಕು ಅಂಕಿ ಬರೆದ ಹಾಳೆಯನ್ನು ಅವನ ಮುಂದೆ ಇಟ್ಟು, ಪೆಟ್ಟಿಗೆಯ ಕಥೆಯನ್ನು ಹೇಳಿ ಮುಗಿಸಿದಳು.

ಲೀಲ್ಯಾಂಡನ ಮುಖ ಹುಳ್ಳಗಾಯಿತು. ಆದರೆ ಅಂಥವರ ಮುಖ ಬಹಳ ಹೊತ್ತು ಹುಳ್ಳಗಿರುವುದಿಲ್ಲ.

"ರೇಲೀನ್," ಎಂದ ಮೆತ್ತಗೆ, "ನಿನ್ನೊಳಗೆ ತುಂಬಾ ಕೋಪ ಇದೆ."

"ಇದೆ. ಅದನ್ನೂ ಎಣಿಸಿ ಕೊಡ್ಲಾ?"

"ಇದನ್ನ ಬೇರೆ ಥರ ನೋಡು. ಮದ್ದು ಬೇರೆ, ಜಾಗ ಬೇರೆ ಅಂತ ಯಾಕೆ ಒಡೀತೀಯ? ಎರಡೂ ಸೇರಿದ್ರೇ ಅನುಭವ. ನಾವು ತೋರಿಸಿದ್ದು ಅದನ್ನೇ ಅಲ್ವಾ? ನೋಡೋಕೆ ಹೋದ್ರೆ ಇದು ಇನ್ನೂ ದೊಡ್ಡ ಶೋಧ!"

"ಮದ್ದಿಲ್ದೆ ಬರೀ ಜಾಗಾನೇ ಸಾಕು ಅಂತ ತೋರಿಸಿದೀವಿ. ಅದು ಶೋಧ ಅಲ್ಲ, ನೀನೇ ಮೊದಲ ವರ್ಷದವರಿಗೆ ಮಾಡ್ತಿದ್ದ ಪಾಠ."

"ಅಂಕಿ ಒಂದೇ ಸತ್ಯ ಅಲ್ಲ, ರೇಲೀನ್."

"ಏಪ್ರಿಲ್‌ನಲ್ಲಿ ಹದಿಮೂರು ಬಂದಾಗ ಅದೊಂದೇ ಸತ್ಯ ಆಗಿತ್ತು. ಕೇಕ್ ತರಿಸಿದ್ದೆ ನೀನು."

ಯಾರೋ ನಕ್ಕು, ನಕ್ಕಿಲ್ಲವೆಂಬಂತೆ ಕೆಮ್ಮಿದರು. ಲೀಲ್ಯಾಂಡ್ ಮುಂದಕ್ಕೆ ಬಾಗಿ ದನಿ ತಗ್ಗಿಸಿದ. "ಪಟ್ಟಿಯಲ್ಲಿ ಮೊದಲನೇ ಹೆಸರು ಯಾರದು ಅಂತ ನೆನಪಿದೆ ತಾನೆ? ಇದು ಹೊರಗೆ ಹೋದ್ರೆ ಅವನ ಕೈಯಿಂದ ಕಿತ್ಕೊಳ್ಳೋದು ನೀನು, ನಾನಲ್ಲ."

ಇಷ್ಟು ಹೊತ್ತು ಅವನನ್ನು ಅವಳು ಬರೀ ಮುಠ್ಠಾಳ ಎಂದುಕೊಂಡಿದ್ದಳು. ಅದಕ್ಕಿಂತ ಕೆಳಗಿನ ಮೆಟ್ಟಿಲೂ ಅವನಿಗೆ ಗೊತ್ತಿದೆಯೆಂದು ಈಗ ತಿಳಿಯಿತು. ಮೈಯೆಲ್ಲ ಉರಿಯಿತು. ಅವಳು ಉತ್ತರಿಸುವ ಮುಂಚೆ ಸಸ್ಕಿಯಾ ಎದ್ದು ನಿಂತಳು. "ಪೆಟ್ಟಿಗೆ ಇಟ್ಟಿದ್ದು ನಾನು," ಎಂದಳು. "ನಾನೇ ಬರೆದು ಕೊಡ್ತೀನಿ." ಅವತ್ತೇ ಮಧ್ಯಾಹ್ನ ಇಬ್ಬರೂ ಸಹಿ ಹಾಕಿ, ಮನುಷ್ಯರ ಮೇಲಿನ ಪ್ರಯೋಗಗಳಿಗೆ ಅನುಮತಿ ಕೊಡುವ ಸಮಿತಿಗೆ ನಾಲ್ಕು ಅಂಕಿಗಳನ್ನೂ ಕಳಿಸಿದರು. ಗುರುವಾರ ಬೆಳಿಗ್ಗೆ ಉತ್ತರ ಬಂತು. ನವೆಂಬರಿನ ಪ್ರಯೋಗ ನಿಂತಿತು. ಲೀಲ್ಯಾಂಡ್ ಅದೇ ವಾರ ಒಂದು ರೇಡಿಯೋ ಸಂದರ್ಶನದಲ್ಲಿ 'ಹಿತವಾದ ಜಾಗದ ಮಹಿಮೆ' ಕುರಿತು ಮಾತಾಡಿದನೆಂದು ಆಮೇಲೆ ಯಾರೋ ಹೇಳಿದರು. ಅಂಥವರು ಮುಳುಗುವುದಿಲ್ಲ ಬಿಡಿ.

ಗುರುವಾರ ಅವಳು ಸಂಜೆಗೆ ಕಾಯಲಿಲ್ಲ, ಪೈ ಕೂಡ ಕಟ್ಟಿಸಲಿಲ್ಲ. ಮಧ್ಯಾಹ್ನದ ಟ್ರಾಮು ಹಿಡಿದು ಪ್ರೆಸ್ಟನ್ನಿಗೆ ಬಂದಳು. ನೆವಿಲ್ ಅಡುಗೆಮನೆಯ ಮೇಜಿನ ಮುಂದೆ ಕೂತು ಟಿವಿಯಲ್ಲಿ ಕುದುರೆ ಓಟ ನೋಡುತ್ತಿದ್ದ.

"ಈ ಹೊತ್ತಲ್ಲಿ ಬಂದಿದೀಯಾ, ಯಾರು ಸತ್ರು?"

ರೇಲೀನ್ ಟಿವಿ ಆರಿಸಿದಳು. ಸುತ್ತಿ ಬಳಸಿ ಮಾತಾಡುವುದು ಅವಳಿಗೆ ಬರುತ್ತಿರಲಿಲ್ಲ. ನಿಂತುಕೊಂಡೇ ಎಲ್ಲವನ್ನೂ ಹೇಳಿದಳು. ಮದ್ದಲ್ಲ, ಪೆಟ್ಟಿಗೆ. ನವೆಂಬರಿಲ್ಲ. ಕಾಗದ ಕಳಿಸಿದವಳು ತಾನೇ.

ನೆವಿಲ್ ಎಡಗೈಯಿಂದ ಮೇಜಿನ ಹೊದಿಕೆಯ ಸುಕ್ಕು ಸವರಿದ.

"ಆ ಪೆಟ್ಟಿಗೇಲಿ ಇಲಿಗಳು ಏನ್ ಮಾಡ್ತಿದ್ವು?" ಎಂದು ಕೇಳಿದ.

"ಹತ್ತೋದು, ಇಳಿಯೋದು. ಓಡೋದು. ರಟ್ಟು ಕಚ್ಚಿ ಎಳೆಯೋದು. ಇಡೀ ದಿನ."

"ಅಂದ್ರೆ ವ್ಯಾಯಾಮ."

"ಹೂಂ."

"ನಾನು ಬಿಟ್ಟಿದ್ದು."

"ಹೂಂ."

ಅವನು ಎಡಗೈಯಿಂದ ಬಲಗೈಯನ್ನೆತ್ತಿ ಮೇಜಿನ ಮೇಲಿಟ್ಟುಕೊಂಡ, ಅದು ಎದ್ದು ಹೋಗಿಬಿಡುತ್ತದೋ ಎಂಬಂತೆ ಹಿಡಿದುಕೊಂಡ.

"ನಾನು ಯಾಕೆ ಬಿಟ್ಟೆ ಗೊತ್ತಾ, ರೇ? ಆ ಬರಿಗಾಲಿನವನು ಬಂದು ಹೇಳಿದ್ರೆ ಮುಖದ ಮೇಲೆ ನಗ್ತಿದ್ದೆ. ಡಾಕ್ಟರು ಹೇಳಿದ್ರೂ ನಂಬ್ತಿರ್ಲಿಲ್ಲ. ನೀನು ಹೇಳ್ದೆ. ಅಮ್ಮನ ಮಣ್ಣಿನ ದಿನ ಪಾದ್ರಿ ಎಷ್ಟು ಚೆನ್ನಾಗಿ ಮಾತಾಡ್ದ ಅಂತ ಎಲ್ರೂ ಅತ್ರು, ನೀನು 'ಉದ್ದ ಆಯ್ತು' ಅಂದೆ. ಇಡೀ ಊರಿಗೆ ಬೋರ್ಡ್ ಬರೆದೆ ನಾನು, ಒಂದೇ ಒಂದು ದಿನ ಚೆನ್ನಾಗಿದೆ ಕಣೋ ಅಂದಿಲ್ಲ ನೀನು. ಅಂಥವಳು ಬಂದು ಇದ್ರಲ್ಲಿ ಏನೋ ಇದೆ ಅಂದೆ. ಐವತ್ತೇಳು ವರ್ಷದಲ್ಲಿ ಒಂದೇ ಸಲ. ನಂಬದೆ ಏನ್ ಮಾಡ್ಲಿ?"

ರೇಲೀನ್ ಕುರ್ಚಿ ಎಳೆದುಕೊಂಡು ಕೂತಳು. ಮೂವತ್ತೊಂದು ವರ್ಷ ಲೋಕದ ಮೇಲೆ ಕಾರಿದ ತಿರಸ್ಕಾರವೆಲ್ಲ ಒಟ್ಟಿಗೆ ಅವಳ ಮೇಲೇ ಬಂದು ಕೂತಿತು. ಲೀಲ್ಯಾಂಡ್ ಮುಠ್ಠಾಳನೇ ಇರಬಹುದು, ಆದರೆ ನೆವಿಲ್‌ನ ಆರು ತಿಂಗಳನ್ನು ಕಿತ್ತುಕೊಂಡದ್ದು ಅವನ ಮಾತಲ್ಲ. ಇಲಿಕೋಣೆಗೆ ಕಾಲಿಡುವುದಿಲ್ಲವೆಂಬ ಜಂಭದಲ್ಲಿ ಅಲ್ಲೇನಿದೆಯೆಂದು ಒಂದು ಮಾತು ಕೂಡ ಕೇಳದೆ, ಅಂಕಿ ತನ್ನದೆಂಬ ಹೆಮ್ಮೆಯಲ್ಲಿ ಬಾಯಿಬಿಟ್ಟವಳು ಅವಳು.

"ತಪ್ಪಾಯ್ತು ಕಣೋ," ಎಂದಳು. ಆ ಮಾತು ಅವಳ ಬಾಯಲ್ಲಿ ಅಭ್ಯಾಸವಿಲ್ಲದೆ ಒರಟಾಗಿ ಬಂತು.

"ಈಗ ಶುರು ಮಾಡಿದ್ರೆ?"

"ಗೊತ್ತಿಲ್ಲ. ಆಗ ಮಾಡಿದ್ರೆ ಬರ್ತಿದ್ದಷ್ಟು ಬರಲ್ಲ. ಏನೂ ಬರದೇನೂ ಇರಬಹುದು."

"ಮನೆಗೆ ಹೋಗು, ರೇ."

ಅವಳು ಏಳಲಿಲ್ಲ. ಹೊರಗೆ ಪಕ್ಕದ ಮನೆಯವನು ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ, ಅದು ಎರಡು ಸಲ ನಿಂತು ಮತ್ತೆ ಶುರುವಾಯಿತು. ಕೊನೆಗೆ ಅವಳು ಅವನ ಎಡಗೈಯನ್ನು ಬಿಡಿಸಿ, ಬಲಗೈಯನ್ನು ಅಂಗೈ ಕೆಳಗಾಗಿ ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದಳು.

"ತೋರುಬೆರಳು ಎತ್ತು."

"ಹೋಗು ಅಂದೆ."

"ಎತ್ತಿ ಆಮೇಲೆ ಬೈಯಿ."

ನೆವಿಲ್ ಹಲ್ಲು ಕಚ್ಚಿದ. ಹಣೆಯಲ್ಲಿ ನರ ಉಬ್ಬಿತು, ಭುಜ ಮೇಲೆದ್ದಿತು. ಬೆರಳು ಇದ್ದಲ್ಲೇ ಇತ್ತು. ರೇಲೀನ್ ಮೇಜಿನ ಮಟ್ಟಕ್ಕೆ ತಲೆ ಬಗ್ಗಿಸಿ ನೋಡಿದಳು, ಮೂವತ್ತೊಂದು ವರ್ಷ ನೋಡಿದ ಕಣ್ಣಿನಿಂದಲೇ ನೋಡಿದಳು. ಉಗುರಿಗೂ ಹೊದಿಕೆಗೂ ನಡುವೆ ಕೂದಲಿನ ಎಡೆಯೂ ಇರಲಿಲ್ಲ.

"ಸ್ವಲ್ಪ ಅಲ್ಲಾಡ್ತು," ಎಂದಳು. "ಚೆನ್ನಾಗಿದೆ."

ನೆವಿಲ್ ಅವಳ ಕಡೆ ತಿರುಗಿದ. ಮುಖದಲ್ಲಿ ಸಿಟ್ಟಿರಲಿಲ್ಲ, ಬೇರೇನೋ ಇತ್ತು, ಭಯದ ಥರದ್ದು. "ನೀನೂ ಸುಳ್ಳು ಸಮಾಧಾನ ಶುರು ಮಾಡ್ಬೇಡ," ಎಂದ. "ನಿನ್ನ ಕಾಲಿಗೆ ಬೀಳ್ತೀನಿ, ನೀನು ಮಾತ್ರ ಶುರು ಮಾಡ್ಬೇಡ. ಎಷ್ಟು ಅಲ್ಲಾಡ್ತು, ಹೇಳು."

"ಸೊನ್ನೆ."

"ಹಾಂ." ಅವನು ಉಸಿರು ಬಿಟ್ಟ. ಕೈಯನ್ನು ಮೇಜಿನ ಮೇಲೆ ನೆಟ್ಟಗೆ ಮಾಡಿಕೊಂಡ. "ಇದನ್ನ ನಂಬ್ತೀನಿ. ನೋಡ್ತಾ ಇರು, ಇನ್ನೊಂದ್ಸಲ ಎತ್ತೀನಿ."

ಎತ್ತಲು ನೋಡಿದ.

"ಸೊನ್ನೆ," ಎಂದಳು ರೇಲೀನ್.

"ಇನ್ನೊಂದ್ಸಲ."